ಶಾಂತಿಯೂ ಹಾಲೂ: ಒಂದು ಸೊಮಾಲಿ ಗಾದೆ

(ಬಾನುಲಿ ಭಾಷಣದ ಲಿಖಿತ ರೂಪ)



ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬುದು ಗಾದೆಗಳ ಬಗ್ಗೆ ನಮ್ಮಲ್ಲಿರುವ ಗಾದೆ. ಅರಬ್ಬೀ ಸಮುದ್ರದ ಆಚೆ ದಡದಲ್ಲಿ, ಆಫ್ರಿಕದ ಕೊಂಬು ಎಂದು ಭೂಗೋಳದ ಪುಸ್ತಕಗಳು ಕರೆಯುವ ಮೂಲೆಯಲ್ಲಿ ಬಾಳುವ ಸೊಮಾಲಿ ಜನರಲ್ಲಿಯೂ ಇಂಥದೊಂದು ಮಾತುಂಟು. ಸೊಮಾಲಿಗಳು ಸುಳ್ಳಾಡುವುದುಂಟು, ಆದರೆ ಗಾದೆಯಲ್ಲಿ ಸುಳ್ಳಾಡುವುದಿಲ್ಲ ಎಂದು ಅದರ ತಾತ್ಪರ್ಯ. ನಮ್ಮ ಮಾತು ಗಾದೆಯನ್ನು ಶ್ರುತಿಗಿಂತ ಒಂದು ಮೆಟ್ಟಿಲು ಮೇಲೆ ಕೂರಿಸುತ್ತದೆ. ಅವರ ಮಾತು ತಮ್ಮ ನಾಲಗೆಯ ಚಪಲವನ್ನು ಒಪ್ಪಿಕೊಂಡು ಗಾದೆಯನ್ನು ಮಾತ್ರ ಅದರಿಂದ ಪಾರುಮಾಡುತ್ತದೆ. ನಮ್ಮದರಲ್ಲಿ ಎದೆಗಾರಿಕೆ ಹೆಚ್ಚು, ಅವರದರಲ್ಲಿ ತಮ್ಮನ್ನು ನೋಡಿ ತಾವೇ ನಗುವ ಗುಣ ಹೆಚ್ಚು.

ಆ ಭಾಷೆಯ ಒಂದೇ ಒಂದು ಗಾದೆಯನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. 'ನಬದ್ ಇಯೊ ಆನೊ, ಒಲ್ ಇಯೊ ಅಬಾರ್.' ನಾಲ್ಕು ನಾಮಪದಗಳು, ಎರಡು ಸಲ ಬರುವ ಒಂದು ಅವ್ಯಯ; ಇಷ್ಟೇ. ಶಾಂತಿಯೂ ಹಾಲೂ, ಹಗೆಯೂ ಬರವೂ. ಇದಕ್ಕಿಂತ ಚಿಕ್ಕದಾಗಿ ಒಂದು ಜನಾಂಗ ತನ್ನ ಚರಿತ್ರೆಯನ್ನು ಹೇಳಿಕೊಂಡದ್ದು ನನಗೆ ಬೇರೆಲ್ಲಿಯೂ ಕಂಡಿಲ್ಲ.

ಮೊದಲು ವ್ಯಾಕರಣದ ಮಾತು. ಗಾದೆಯಲ್ಲಿ ಕ್ರಿಯಾಪದವಿಲ್ಲ. 'ಇಯೊ' ಎಂಬ ಅವ್ಯಯ ಸೊಮಾಲಿ ಭಾಷೆಯಲ್ಲಿ ನಾಮಪದಗಳನ್ನು ಮಾತ್ರ ಜೋಡಿಸುತ್ತದೆ. ವಾಕ್ಯಗಳನ್ನು ಜೋಡಿಸುವುದಕ್ಕೆ ಅಲ್ಲಿ ಬೇರೆ ಪ್ರತ್ಯಯಗಳಿವೆ. 'ರಾಮನೂ ಲಕ್ಷ್ಮಣನೂ' ಎನ್ನುವಾಗ ನಮ್ಮ ಊಕಾರ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ರಾಮನೂ ಲಕ್ಷ್ಮಣನೂ ಅಂದಮಾತ್ರಕ್ಕೆ ಯಾರು ಯಾರನ್ನು ಹಿಂಬಾಲಿಸಿದರು ಎಂಬುದು ತಿಳಿಯುವುದಿಲ್ಲ. ಹಾಗೆಯೇ ಇಲ್ಲಿಯೂ. ಶಾಂತಿಯಿಂದ ಹಾಲು ಬರುತ್ತದೆಯೇ, ಹಾಲಿದ್ದಲ್ಲಿ ಶಾಂತಿ ನೆಲೆಸುತ್ತದೆಯೇ, ಬರ ಬಿದ್ದುದರಿಂದ ಜನ ಬಡಿದಾಡಿದರೇ, ಬಡಿದಾಡಿದ್ದರಿಂದ ಬರ ಬಿತ್ತೇ? ಗಾದೆ ಏನನ್ನೂ ಹೇಳದೆ ಎರಡೆರಡನ್ನು ಒಂದೊಂದು ನೊಗಕ್ಕೆ ಕಟ್ಟಿ ಸುಮ್ಮನಾಗುತ್ತದೆ. ಇದು ಗಾದೆ ಕಟ್ಟಿದವರ ಮೈಗಳ್ಳತನವಲ್ಲ. ಆ ನಾಡಿನಲ್ಲಿ ಈ ಎಲ್ಲ ಪ್ರಶ್ನೆಗಳಿಗೂ ಉತ್ತರ 'ಹೌದು' ಎಂದೇ.

ಇನ್ನು ಕಿವಿಯ ಮಾತು. 'ಆನೊ' ಮತ್ತು 'ಒಲ್' ಎಂಬ ಎರಡು ಪದಗಳನ್ನು ನಾನು ಸ್ವರದಿಂದ ಆರಂಭಿಸಿ ಉಚ್ಚರಿಸಿದೆ; ಅದು ನಮ್ಮ ಲಿಪಿಯ ಬಡತನ. ನಿಜವಾಗಿ ಅವೆರಡೂ ಗಂಟಲಿನ ತೀರ ಕೆಳಗಿನಿಂದ ಹೊರಡುವ ಒಂದು ವ್ಯಂಜನದಿಂದ ಆರಂಭವಾಗುತ್ತವೆ. ಅರಬ್ಬಿಯಲ್ಲಿ ಅದನ್ನು ಅಯ್ನ್ ಎನ್ನುತ್ತಾರೆ. 1972ರ ಅಕ್ಟೋಬರಿನಲ್ಲಿ ಸೊಮಾಲಿ ಭಾಷೆಗೆ ರೋಮನ್ ಲಿಪಿಯನ್ನು ಅಧಿಕೃತವಾಗಿ ಗೊತ್ತುಮಾಡಿದಾಗ ಇಂಗ್ಲಿಷಿನ 'ಸಿ' ಅಕ್ಷರವನ್ನು ಈ ಧ್ವನಿಗೆ ಕೊಟ್ಟುಬಿಟ್ಟರು. ಸೊಮಾಲಿ ಕಾವ್ಯದ ಜೀವಾಳವೇ ಪದದ ಮೊದಲ ಧ್ವನಿಯ ಪ್ರಾಸ. ದೀರ್ಘ ಕವಿತೆಯೊಂದರ ಪ್ರತಿ ಸಾಲಿನಲ್ಲಿಯೂ ಅದೇ ಧ್ವನಿಯಿಂದ ತೊಡಗುವ ಪದವೊಂದು ಇರಲೇಬೇಕೆಂಬ ಕಟ್ಟುನಿಟ್ಟು ಅಲ್ಲಿಯದು. ಆ ಕಿವಿಗೆ ಈ ಗಾದೆಯಲ್ಲಿ ಹಾಲೂ ಹಗೆಯೂ ಒಂದೇ ಧ್ವನಿಯಿಂದ ಹೊರಟ ದಾಯಾದಿಗಳಾಗಿ ಕೇಳುತ್ತವೆ. ನಾಲ್ಕು ಪದಗಳ ನಡುವೆ ಅವು ಪಕ್ಕಪಕ್ಕದಲ್ಲಿಯೇ ನಿಂತಿವೆ, ನಡುವೆ ಇರುವುದು ಒಂದು ಉಸಿರಿನ ಬಿಡುವು ಮಾತ್ರ. ದ್ವಿತೀಯಾಕ್ಷರ ಪ್ರಾಸದಲ್ಲಿ ಪಳಗಿದ ನಮ್ಮ ಕಿವಿಗಾದರೋ ಬೇರೆಯೇ ಒಂದು ಜೋಡಿ ಕೇಳಿಸುತ್ತದೆ: ನಬದ್, ಅಬಾರ್. ಮೊದಲ ಪದಕ್ಕೂ ಕೊನೆಯ ಪದಕ್ಕೂ ಎರಡನೆಯ ಅಕ್ಷರ ಬಕಾರವೇ. ಗಾದೆ ಕಟ್ಟಿದವರು ಇದನ್ನು ಎಣಿಸಿರಲಾರರು, ಬಿಡಿ. ಆದರೂ ಕನ್ನಡಿಗನಾದವನು ಇದನ್ನು ಗಮನಿಸದೆ ಮುಂದೆ ಹೋಗುವುದು ಕಷ್ಟ.

ಒಂದೊಂದು ಪದಕ್ಕೂ ಒಂದೊಂದು ಸಂಸಾರವಿದೆ. ನಬದ್ ಎಂದರೆ ಶಾಂತಿ. ದಾರಿಯಲ್ಲಿ ಇಬ್ಬರು ಎದುರಾದರೆ ಮೊದಲ ಮಾತು 'ಮಾ ನಬದ್ ಬಾ?', ಶಾಂತಿಯೇ? ಉತ್ತರ 'ವಾ ನಬದ್', ಶಾಂತಿಯೇ. ಬೀಳ್ಕೊಡುವಾಗಲೂ ಅದೇ ಪದ. ಕುಲದ ಹಿರಿಯನೊಬ್ಬನಿಗೆ ಸಲ್ಲುವ ಬಿರುದು 'ನಬದ್‌ದೋನ್', ಅಂದರೆ ಶಾಂತಿಯನ್ನು ಅರಸುವವನು. ಕುಶಲವೇ ಎಂದು ನಾವು ಕೇಳುವಾಗ ಕುಶಲದ ಅರ್ಥವನ್ನು ಯೋಚಿಸುವುದಿಲ್ಲ. ಅಲ್ಲಿ ಬಯಲಿನಲ್ಲಿ ದೂರದಿಂದ ಬರುವವನು ನೆಂಟನೋ ಹಗೆಯ ಬೇಹುಗಾರನೋ ತಿಳಿಯದ ಕಾಲದಲ್ಲಿ ಆ ಪ್ರಶ್ನೆ ಬರಿಯ ಉಪಚಾರವಾಗಿರಲಿಲ್ಲ. ಆನೊ ಎಂದರೆ ಹಾಲು. ವ್ಯಾಕರಣದಲ್ಲಿ ಅದು, ನೀರೆಂಬ ಪದದಂತೆಯೇ, ಬಹುವಚನವಾಗಿ ನಡೆಯುತ್ತದೆ. ಒಬ್ಬರಿಗಾಗಿ ಇರುವ ವಸ್ತುವೇ ಅದಲ್ಲ ಎನ್ನುವಂತೆ. ಒಲ್ ಎಂದರೆ ಹಗೆತನ, ಶತ್ರು, ದಾಳಿಗೆ ಹೊರಟ ದಂಡು ಎಲ್ಲವೂ. ಅಬಾರ್ ಎಂದರೆ ಬರ. ಮಳೆ ಬಾರದಿರುವುದು, ಅದರ ಬೆನ್ನಿಗೇ ಬರುವ ಹಸಿವು, ಎರಡಕ್ಕೂ ಒಂದೇ ಪದ.

ಗಾದೆಗೆ ಕರ್ತೃವಿಲ್ಲ. ಅದರ ಹುಟ್ಟನ್ನು ಹುಡುಕಬೇಕಾದುದು ಒಂಟೆ ಕಾಯುವವರ ದಿನಚರಿಯಲ್ಲಿ. ಅಲ್ಲಿ ವರ್ಷಕ್ಕೆ ನಾಲ್ಕು ಕಾಲಗಳು. ಏಪ್ರಿಲಿನಿಂದ ಜೂನಿನವರೆಗೆ 'ಗು' ಎಂಬ ದೊಡ್ಡ ಮಳೆಗಾಲ. ಆಮೇಲೆ ಗಾಳಿಯ ಕಾಲ. ಅಕ್ಟೋಬರ್ ನವೆಂಬರಿನಲ್ಲಿ 'ದೈರ್' ಎಂಬ ಸಣ್ಣ ಮಳೆ. ಬಳಿಕ ಮಾರ್ಚಿನವರೆಗೆ 'ಜಿಲಾಲ್', ಉರಿಯುವ ಒಣ ತಿಂಗಳುಗಳು. ಮನುಷ್ಯನ ವಯಸ್ಸನ್ನು ಎಷ್ಟು ಗು ಕಂಡವನು ಎಂದು ಎಣಿಸುತ್ತಾರೆ. ಗು ಕಾಲದಲ್ಲಿ ಹಸಿ ಮೇವಿನಲ್ಲಿಯೇ ಸಾಕಷ್ಟು ನೀರಿರುವುದರಿಂದ ಒಂಟೆಗೆ ಬಾವಿಯ ಹಂಗಿಲ್ಲ. ಹಾಲು ಕೊಡದಲ್ಲಿ ನಿಲ್ಲುವುದಿಲ್ಲ. ಮದುವೆಗಳೂ ಕವಿಗೋಷ್ಠಿಗಳೂ ಆಗಲೇ. ಜಿಲಾಲ್ ಬಂತೆಂದರೆ ಚದುರಿದ ಮಂದೆಗಳೆಲ್ಲ ಕೆಲವೇ ಬಾವಿಗಳ ಸುತ್ತ ಸೇರಬೇಕು. ಒಂಟೆ ಎರಡು ಮೂರು ವಾರ ನೀರಿಲ್ಲದೆ ತಾಳೀತು. ಆಡು ಕುರಿಗಳು ವಾರ ತಾಳುವುದೂ ಕಷ್ಟ. ಯಾರ ಮಂದೆ ಮೊದಲು, ಯಾರದು ಆಮೇಲೆ ಎಂಬ ಪಾಳಿಯ ಜಗಳ ಅಲ್ಲಿ ಕೊಲೆಗೆ ಹೋಗುವುದಕ್ಕೆ ಹೊತ್ತು ಬೇಡ.

ಸಂಸಾರವೂ ಎರಡಾಗಿ ಒಡೆಯುತ್ತದೆ. ಹೆಂಗಸರು, ಮಕ್ಕಳು, ಮುದುಕರು ಆಡು ಕುರಿಗಳೊಂದಿಗೆ ಒಂದು ಬಿಡಾರದಲ್ಲಿ. ಮದುವೆಯಾಗದ ಹುಡುಗರು ಹಾಲಿನ ಒಂಟೆಗಳೊಂದಿಗೆ ದೂರದ ಮೇವಿನ ಕಡೆಗೆ. ಆ ಹುಡುಗರಿಗೆ ತಿಂಗಳುಗಟ್ಟಲೆ ಹಾಲೇ ಅನ್ನ, ಹಾಲೇ ನೀರು. ಒಂಟೆಯನ್ನು ಕರೆಯುವುದು ಗಂಡಸರ ಕೆಲಸ. ಆದರೆ ಹಾಲು ಹಿಡಿಯುವ ಪಾತ್ರೆ ಹೆಂಗಸರ ಕೈಯದು. ನಾರನ್ನು ಹೆಣೆದು ಹಾಲು ಸೋರದಷ್ಟು ಬಿಗಿಯಾದ ಗಡಿಗೆಯನ್ನು ಅವರು ಮಾಡುತ್ತಾರೆ, ಅದರ ಹೆಸರು ಧೀಲ್. ಉರಿಯುವ ಕಟ್ಟಿಗೆಯ ಹೊಗೆಯನ್ನು ಅದರೊಳಗೆ ಹಿಡಿದು ಶುದ್ಧಿ ಮಾಡುತ್ತಾರೆ. ಹಾಲು ಬೇಗ ಕೆಡುವುದಿಲ್ಲ, ಹೊಗೆಯ ಕಂಪು ಹಾಲಿಗೆ ಹತ್ತುತ್ತದೆ. ಹಸಿ ಹಾಲು, ಹುಳಿ ಹಾಲು, ಗಿಣ್ಣಿನ ಹಾಲು, ಮಜ್ಜಿಗೆ, ತುಪ್ಪ, ಎಲ್ಲಕ್ಕೂ ಬೇರೆ ಬೇರೆ ಹೆಸರುಗಳು.

ಈಗ ಗಾದೆಯ ಮೊದಲ ಅರ್ಧವನ್ನು ನೋಡಿ. ಒಣನಾಡಿನ ಮಳೆ ಎಲ್ಲ ಕಡೆಗೂ ಸಮನಾಗಿ ಬೀಳುವುದಿಲ್ಲ. ಈ ಕಣಿವೆಯಲ್ಲಿ ಸುರಿದು ಮುಂದಿನ ಕಣಿವೆಯಲ್ಲಿ ಹನಿಯನ್ನೂ ಹಾಕದೆ ಹೋಗುತ್ತದೆ. ನನ್ನ ಕಡೆ ಮಳೆ ತಪ್ಪಿದ ವರ್ಷ ನಾನು ನಿನ್ನ ಕಡೆಗೆ ಬರಬೇಕು, ನಿನ್ನ ಬಾವಿಯಲ್ಲಿ ನೀರೆತ್ತಬೇಕು. ಮುಂದೊಂದು ವರ್ಷ ನೀನು ನನ್ನ ಕಡೆಗೆ. ಶಾಂತಿ ಎಂದರೆ ಈ ಹೋಗಿಬರುವ ದಾರಿ. ಅದು ತೆರೆದಿದ್ದರೆ ಕಡಮೆ ಮಳೆಯಲ್ಲಿಯೂ ಹಾಲಿದೆ. ಹಗೆ ಹುಟ್ಟಿತೆಂದರೆ ದಾರಿ ಮುಚ್ಚಿತು. ಭಯದಿಂದ ಎಲ್ಲ ಮಂದೆಗಳೂ ತಮ್ಮ ತಮ್ಮ ಮೂಲೆಯಲ್ಲಿ ಒತ್ತಾಗಿ ನಿಲ್ಲುತ್ತವೆ, ಇದ್ದ ಹುಲ್ಲು ಬೇರು ಸಹಿತ ಹೋಗುತ್ತದೆ, ಆಚೆ ಕಣಿವೆಯಲ್ಲಿ ಹುಲ್ಲು ಮೇಯುವವರಿಲ್ಲದೆ ಒಣಗುತ್ತದೆ. ಆಕಾಶ ತಂದ ಬರಕ್ಕಿಂತ ಮುಂಚೆ ಮನುಷ್ಯ ತಂದ ಬರ ಅದು. ಒಂಟೆಯ ಗರ್ಭ ಸುಮಾರು 13 ತಿಂಗಳಿನದು; ಎರಡು ವರ್ಷಕ್ಕೊಂದು ಮರಿ. ದಾಳಿಯಲ್ಲಿ ಒಂದು ರಾತ್ರಿ ಕಳೆದುಕೊಂಡ ಮಂದೆಯನ್ನು ಮತ್ತೆ ಕಟ್ಟುವುದಕ್ಕೆ ಹುಡುಗ ಗೃಹಸ್ಥನಾಗುವಷ್ಟು ಕಾಲ ಬೇಕು.

ಇದನ್ನೆಲ್ಲ ಕೇಳಿ ಸೊಮಾಲಿಗಳು ಸಾಧುಗಳೆಂದು ತಾವು ತಿಳಿಯಬಾರದು. ಒಂಟೆ ಹೊಡೆದು ತರುವ ದಾಳಿಯನ್ನು ಹೊಗಳುವ ಕವಿತೆಗಳು ಆ ಭಾಷೆಯಲ್ಲಿ ಬೇಕಾದಷ್ಟಿವೆ; ಕವಿತೆಯಿಂದಲೇ ಹೊತ್ತಿಕೊಂಡ ಕುಲವೈರಗಳೂ ಇವೆ. ಹಾಗಿರುವುದರಿಂದಲೇ ಈ ಗಾದೆಗೆ ತೂಕ. ಹಗೆಯ ರುಚಿ ಕಂಡವರು ಹಗೆಯ ಲೆಕ್ಕ ಬರೆದಿಟ್ಟ ಮಾತು ಇದು, ಅಂಜುಬುರುಕರ ಉಪದೇಶವಲ್ಲ.

ಈ ಲೋಕವನ್ನು ಹೊರಗಿನವರಿಗೆ ತೆರೆದು ತೋರಿಸಿದವರಲ್ಲಿ ಮೂವರನ್ನಾದರೂ ನೆನೆಯಬೇಕು. ಕೆನಡಾದ ಕಾದಂಬರಿಕಾರ್ತಿ ಮಾರ್ಗರೆಟ್ ಲಾರೆನ್ಸ್ 1950ರ ದಶಕದ ಆರಂಭದಲ್ಲಿ ಅಲ್ಲಿದ್ದಳು. ಆಕೆಯ ಗಂಡ ಇಂಜಿನಿಯರು, ಮಳೆನೀರು ನಿಲ್ಲಿಸುವ ಹೊಂಡಗಳನ್ನು ತೋಡಿಸುವುದು ಅವನ ಕೆಲಸ. ಅವನು ನೀರು ಕೂಡಿಡುತ್ತಿದ್ದಾಗ ಆಕೆ ಪದ್ಯಗಳನ್ನೂ ಕಥೆಗಳನ್ನೂ ಕೂಡಿಟ್ಟಳು. 1954ರಲ್ಲಿ ಆ ಸಂಗ್ರಹ ಅಚ್ಚಾಯಿತು. ಸೊಮಾಲಿ ವಿದ್ವಾಂಸ ಮೂಸಾ ಗಲಾಲ್ ತನ್ನ ಜನರ ಕಥೆಗಳನ್ನೂ, ನಕ್ಷತ್ರ ನೋಡಿ ಮಳೆ ಹೇಳುವ ಅವರ ಶಾಸ್ತ್ರವನ್ನೂ ಸಂಗ್ರಹಿಸಿದರು. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಐ. ಎಂ. ಲೂಯಿಸ್ ಆ ಸಮಾಜದ ರಚನೆಯನ್ನು ಬಿಡಿಸಿ ಬರೆದರು. 2010ರಲ್ಲಿ ಲೂಯಿಸರಿಗೆ ಅರ್ಪಿಸಿದ ಪ್ರಬಂಧ ಸಂಪುಟಕ್ಕೆ ಈ ಗಾದೆಯನ್ನೇ ಹೆಸರಾಗಿ ಇಟ್ಟರು. ಆದರೆ ಹಾಲನ್ನು ಮುಂದೆ, ಶಾಂತಿಯನ್ನು ಹಿಂದೆ ಹಾಕಿದರು. ಅವ್ಯಯ ಒಂದೇ ಆದ್ದರಿಂದ ವ್ಯಾಕರಣಕ್ಕೆ ಭಂಗವಿಲ್ಲ. ಅರ್ಥಕ್ಕೆ? ನನಗಂತೂ ಶಾಂತಿ ಮೊದಲು ಬರುವುದೇ ಸರಿ ಎನಿಸುತ್ತದೆ. ಅಲ್ಲಿ ಭೇಟಿಯಾದವರು ಮೊದಲು ಕೇಳುವುದು ಶಾಂತಿಯನ್ನು, ಹಾಲು ಬರುವುದು ಆಮೇಲೆ.

ಈಗ ಚರಿತ್ರೆಗೆ ಬರೋಣ. 1880ರ ದಶಕದಲ್ಲಿ ಬ್ರಿಟಿಷರು ಸೊಮಾಲಿ ನಾಡಿನ ಉತ್ತರ ಕರಾವಳಿಯನ್ನು ಹಿಡಿದದ್ದರ ಹಿಂದೆ ಒಂದು ಹೊಟ್ಟೆಯ ಕಾರಣವೂ ಇತ್ತು. ಎದುರು ದಡದ ಏಡನ್ನಿನಲ್ಲಿದ್ದ ಸೇನೆಗೆ ಮಾಂಸ ಬರುತ್ತಿದ್ದುದು ಈ ಕುರಿ ಮಂದೆಗಳಿಂದ. 1898ರವರೆಗೆ ಆ ಪ್ರದೇಶದ ಆಡಳಿತ ನಡೆದದ್ದು ಏಡನ್ನಿನಿಂದ, ಭಾರತ ಸರಕಾರದ ಹೆಸರಿನಲ್ಲಿ. ಏಡನ್ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಅದೇ ಪ್ರಾಂತದಲ್ಲಿದ್ದವು. ಆ ನಾಡು ನಾವು ಎಣಿಸಿದಷ್ಟು ದೂರದ್ದಲ್ಲ ಎನ್ನುವುದಕ್ಕಾಗಿ ಈ ಮಾತು ಹೇಳಿದೆ.

1899ರಲ್ಲಿ ಸಯ್ಯಿದ್ ಮೊಹಮ್ಮದ್ ಅಬ್ದುಲ್ಲಾ ಹಸನ್ ಎಂಬ ಮಹಾಕವಿ, ಧರ್ಮಗುರು, ಯೋಧ, ಮೂರೂ ಆಗಿದ್ದ ವ್ಯಕ್ತಿ ಪರಕೀಯರ ಮೇಲೆ ಎದ್ದ. 20 ವರ್ಷ ಹೋರಾಟ ನಡೆಯಿತು. 1910ರಲ್ಲಿ ಬ್ರಿಟಿಷರು ಒಳನಾಡನ್ನು ಬಿಟ್ಟು ಕರಾವಳಿಗೆ ಸರಿದುಬಿಟ್ಟರು. ತಮ್ಮ ಪರವಾಗಿದ್ದ ಕುಲಗಳಿಗೆ ಬಂದೂಕುಗಳನ್ನು ಹಂಚಿ, ನಿಮ್ಮ ರಕ್ಷಣೆ ನಿಮ್ಮದು ಎಂದರು. ಬಂದೂಕು ಹಗೆಯ ಕಡೆಗೆ ಮಾತ್ರ ತಿರುಗುವುದಿಲ್ಲವಷ್ಟೆ. ಕುಲ ಕುಲವನ್ನು ಸೂರೆಮಾಡಿತು, ಮಂದೆಗಳು ಹೋದವು, ಅದರೊಂದಿಗೆ ಹಸಿವು. ಸೊಮಾಲಿಗಳಿಗೆ ಕೆಟ್ಟ ಕಾಲಗಳಿಗೆ ಹೆಸರಿಡುವ ಪದ್ಧತಿಯುಂಟು. ಈ ಕಾಲಕ್ಕೆ ಅವರಿಟ್ಟ ಹೆಸರು 'ಹರಾಮನ್ನು ತಿಂದ ಕಾಲ'. ಧರ್ಮ ನಿಷೇಧಿಸಿದ್ದನ್ನೆಲ್ಲ ತಿಂದು ಬದುಕಿದ ಕಾಲ ಎಂದು ಅರ್ಥ. ಹಾಲು ಕುಡಿದು ಬಾಳುವ ಜನ ಈ ಹೆಸರನ್ನು ಇಟ್ಟುಕೊಳ್ಳಬೇಕಾದರೆ ಏನು ನಡೆದಿರಬೇಕು!

1974-75ರ ಬರಕ್ಕೆ 'ದಬದೇರ್', ಉದ್ದ ಬಾಲದ್ದು, ಎಂದು ಹೆಸರು. ಆಗ ತಾನೇ ಲಿಪಿ ಬಂದಿತ್ತು. ಸರಕಾರ ಪ್ರೌಢಶಾಲೆಗಳನ್ನು ಮುಚ್ಚಿ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಅಕ್ಷರ ಕಲಿಸಲು ಬಯಲುನಾಡಿಗೆ ಕಳಿಸಿತ್ತು. ಓದು ಕಲಿಸಹೋದ ಹುಡುಗರ ಕಣ್ಣ ಮುಂದೆಯೇ ಮಂದೆಗಳು ಸತ್ತವು. ಲಕ್ಷಕ್ಕೂ ಮಿಕ್ಕ ಅಲೆಮಾರಿಗಳನ್ನು ದಕ್ಷಿಣದ ಹೊಲಗಳಿಗೂ ಕಡಲ ದಂಡೆಗೂ ಸಾಗಿಸಿ, ರೈತರಾಗಿ, ಮೀನುಗಾರರಾಗಿ ಎಂದರು. ಆ ಬರದಲ್ಲಿ ಒಂದು ಆಡಳಿತವಾದರೂ ಇತ್ತು. 1991ರ ಜನವರಿಯಲ್ಲಿ ಸಿಯಾದ್ ಬರ್ರೆಯ ಸರಕಾರ ಉರುಳಿದ ಮೇಲೆ ಅದೂ ಇಲ್ಲವಾಯಿತು. 1992ರ ಕ್ಷಾಮದಲ್ಲಿ ಅತಿ ಹೆಚ್ಚು ಸತ್ತವರು ಒಂಟೆಯವರಲ್ಲ, ಎರಡು ನದಿಗಳ ನಡುವೆ ಜೋಳ ಬೆಳೆಯುವವರು. ಬೈದೋವಾ ಪಟ್ಟಣದ ಸುತ್ತಿನವರು. ಬಂದೂಕಿನವರು ಅವರ ಕಣಜಗಳನ್ನು ಬರಿದು ಮಾಡಿದ್ದರು. ಕುರುಬರ ಗಾದೆ ಒಕ್ಕಲಿಗನ ಮನೆಯಲ್ಲಿಯೂ ನಿಜವಾಯಿತು.

2011ರದು ಇನ್ನೂ ಸ್ಪಷ್ಟವಾದ ನಿದರ್ಶನ. ಆ ವರ್ಷ ಮಳೆ ತಪ್ಪಿದ್ದು ಸೊಮಾಲಿಯ ಒಂದಕ್ಕೇ ಅಲ್ಲ; ಪಕ್ಕದ ಇಥಿಯೋಪಿಯ, ಕೀನ್ಯಗಳ ಒಣನಾಡುಗಳಲ್ಲಿಯೂ ತಪ್ಪಿತು. ಆದರೆ ಜುಲೈ 20ರಂದು ವಿಶ್ವಸಂಸ್ಥೆ ಕ್ಷಾಮವೆಂದು ಘೋಷಿಸಿದ್ದು ದಕ್ಷಿಣ ಸೊಮಾಲಿಯದ ಭಾಗಗಳನ್ನು ಮಾತ್ರ. ಅಲ್ಲಿ ಯುದ್ಧವಿತ್ತು, ಅನ್ನ ತರುವವರನ್ನು ಅಲ್-ಶಬಾಬ್ ಒಳಗೆ ಬಿಡಲಿಲ್ಲ. ಸತ್ತವರು ಸುಮಾರು 2,58,000 ಎಂದು 2013ರ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಒಂದೇ ಆಕಾಶ, ಗಡಿಯ ಈಚೆಗೆ ಬರ, ಆಚೆಗೆ ಮಸಣ. ಕ್ಷಾಮವೆಂದರೆ ಬರಿಯ ಆಹಾರದ ಅಭಾವವಲ್ಲ ಎಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ವಾದಿಸಿದಾಗ ಅವರು ಎತ್ತಿಕೊಂಡ ನಿದರ್ಶನಗಳಲ್ಲಿ ಇಥಿಯೋಪಿಯದ ಸೊಮಾಲಿ ಪಶುಪಾಲಕರೂ ಇದ್ದರು. ಬರದಲ್ಲಿ ದನ ಸಾಯುವುದಷ್ಟೇ ಅಲ್ಲ, ಉಳಿದ ದನಕ್ಕೆ ಬೆಲೆಯೂ ಇಳಿದು, ಅದನ್ನು ಮಾರಿ ಕೊಳ್ಳಬಹುದಾದ ಕಾಳು ಕಡಮೆಯಾಗುತ್ತದೆ ಎಂದು ಅವರು ತೋರಿಸಿದರು. ಅರ್ಥಶಾಸ್ತ್ರಜ್ಞ ಅಧ್ಯಾಯಗಟ್ಟಲೆ ಬರೆದು ಸ್ಥಾಪಿಸಿದ್ದನ್ನು ಗಾದೆ ಒಂದು ಅವ್ಯಯದಲ್ಲಿ ಸೂಚಿಸಿತ್ತೆಂದರೆ ಸೇನರಿಗೆ ಅಗೌರವವಾಗಲಾರದು.

ಹಾಗಾದರೆ ಶಾಂತಿಯನ್ನು ಮಾಡುವುದು ಹೇಗೆ? 'ಹೇರ್' ಎಂಬ ಕಟ್ಟಳೆಯುಂಟು. ಕೊಲೆಯಾದ ಗಂಡಸಿಗೆ 100 ಒಂಟೆ, ಹೆಂಗಸಿಗೆ 50. ಕೊಡುವವನು ಕೊಲೆಗಾರನೊಬ್ಬನೇ ಅಲ್ಲ, ಅವನ ಇಡೀ ಬಳಗ, ಪಡೆಯುವುದೂ ಬಳಗವೇ. ಪ್ರಾಣಕ್ಕೆ ಹಾಲಿನ ಬೆಲೆ! ಹಿರಿಯರು ಮರದ ನೆರಳಿನಲ್ಲಿ ದಿನಗಟ್ಟಲೆ, ತಿಂಗಳುಗಟ್ಟಲೆ ಕುಳಿತು ಮಾತನಾಡುತ್ತಾರೆ. ಹಳೆಯ ಹಗೆ ತೀರಿಸಲು ಹೆಣ್ಣನ್ನು ಎದುರು ಕುಲಕ್ಕೆ ಮದುವೆ ಮಾಡಿಕೊಡುವ ರೂಢಿಯೂ ಇತ್ತು. ಇದನ್ನು ಮೆಚ್ಚುವುದು ನನ್ನಿಂದಾಗದು. ಆಕೆಯ ಮಾತಿಗೆ ಆ ಮರದ ಕೆಳಗೆ ಜಾಗವಿರಲಿಲ್ಲ. ಶಾಂತಿಯ ಬೆಲೆಯನ್ನು ಮಾತ್ರ ಆಕೆ ತೆರಬೇಕಾಗಿತ್ತು. ಆದರೂ ಈ ಪದ್ಧತಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 1993ರ ಜನವರಿಯಿಂದ ಮೇವರೆಗೆ ಉತ್ತರದ ಬೊರಾಮಾ ಪಟ್ಟಣದಲ್ಲಿ ಕುಲಗಳ ಹಿರಿಯರು ಸಭೆ ಸೇರಿ, ಹೊರಗಿನ ಸೈನ್ಯಗಳ ನೆರವಿಲ್ಲದೆ, ಸೊಮಾಲಿಲ್ಯಾಂಡಿನ ಆಡಳಿತಕ್ಕೆ ಒಂದು ಚೌಕಟ್ಟನ್ನು ಕಟ್ಟಿದರು. ಅದೇ ಕಾಲಕ್ಕೆ ದಕ್ಷಿಣದಲ್ಲಿ ವಿಶ್ವಸಂಸ್ಥೆಯ ಸಾವಿರಾರು ಸೈನಿಕರಿದ್ದರೂ ಶಾಂತಿ ಬರಲಿಲ್ಲ. ಚೆಲ್ಲಿದ ಹಾಲಿನಲ್ಲಿ ಉಳಿದುದನ್ನು ಹಿಡಿ ಎಂಬ ಅರ್ಥದ ಇನ್ನೊಂದು ಸೊಮಾಲಿ ಗಾದೆಯಿದೆ. ಬೊರಾಮಾದಲ್ಲಿ ನಡೆದದ್ದು ಅದೇ. 2003ರಲ್ಲಿ ಕವಿ ಹದ್ರಾವಿ ಶಾಂತಿಯಾತ್ರೆ ಹೊರಟು ನಾಡನ್ನು ಸುತ್ತಿದಾಗ ಜನ ಅವರ ಹಿಂದೆ ನಡೆದರು. 2022ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ರಾಜಕಾರಣಿಗಳೂ ಗಾದೆಯ ಅಚ್ಚನ್ನು ಎರವಲು ಪಡೆದಿದ್ದಾರೆ; 2017ರಲ್ಲಿ ಬಂದ ಸರಕಾರದ ಘೋಷಣೆ 'ನಬದ್ ಇಯೊ ನೊಲೊಲ್', ಶಾಂತಿಯೂ ಬಾಳೂ. ಪ್ರಾಸವಿದೆ, ಆದರೆ ಹಾಲಿಲ್ಲ.

ಗಾದೆಗೂ ಒಂದು ಎಲ್ಲೆಯಿದೆಯೆಂಬುದನ್ನು ಮುಚ್ಚಿಡಬಾರದು. 2016-17ರಲ್ಲಿ ಶಾಂತಿಯಿದ್ದ ಸೊಮಾಲಿಲ್ಯಾಂಡಿನಲ್ಲಿಯೇ ಬರ ಬಂದು ಅಸಂಖ್ಯ ಆಡು, ಕುರಿ, ಒಂಟೆಗಳು ಸತ್ತವು. 2020ರ ಕೊನೆಯಿಂದ ಐದು ಮಳೆಗಾಲಗಳು ಒಂದರ ಹಿಂದೊಂದು ಕೈಕೊಟ್ಟವು. ಕಡಲು ಕಾಯುತ್ತಿರುವ ಈ ಕಾಲದಲ್ಲಿ ಮಳೆಯ ಲೆಕ್ಕವನ್ನು ಬಾವಿಯ ಬಳಿ ಜಗಳವಾಡುವ ಇಬ್ಬರ ಮೇಲೆ ಮಾತ್ರ ಹೊರಿಸುವಂತಿಲ್ಲ. ಆ ಬರದಲ್ಲಿ ಅವರೊಂದಿಗೆ ಯಾವ ಜಗಳವೂ ಇಲ್ಲದ ದೂರದ ದೇಶಗಳ ಪಾಲೂ ಇದೆ.

ಆ ಐದು ಮಳೆಗಾಲಗಳು ತಪ್ಪಿದ ಬೆನ್ನಿಗೇ, 2023ರ ಫೆಬ್ರುವರಿಯಲ್ಲಿ, ಸೊಮಾಲಿಲ್ಯಾಂಡಿನ ಪೂರ್ವದ ಪಟ್ಟಣವೊಂದರಲ್ಲಿ ಅದರ ಸೈನ್ಯಕ್ಕೂ ಸ್ಥಳೀಯ ಕುಲಗಳಿಗೂ ಕಾಳಗ ಹತ್ತಿತು. ಆಗಸ್ಟಿನವರೆಗೆ ನಡೆಯಿತು. ಆ ಊರಿನ ಹೆಸರು ಲಾಸ್ ಆನೋದ್. ಲಾಸ್ ಎಂದರೆ ಬಾವಿ. ಆನೋದ್ ಎಂದರೆ, ತಾವು ಈಗಾಗಲೇ ಊಹಿಸಿರಬಹುದು, ಹಾಲಿನ. ಹಾಲಿನ ಬಾವಿಯಿಂದ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋದರು. ಬಹಳ ಮಂದಿ ಗಡಿ ದಾಟಿ ಇಥಿಯೋಪಿಯದ ದೋಲೊ ಎಂಬ ಸೀಮೆಗೆ ಬಂದರು. ಅಲ್ಲಿಯವರೂ ಸೊಮಾಲಿಗಳೇ, ಅದೇ ಬರದಲ್ಲಿ ಅವರ ಮಂದೆಗಳೂ ಸತ್ತಿದ್ದವು. ಆದರೂ ಬಂದವರನ್ನು ಅವರು ತಮ್ಮ ಮನೆಗಳಲ್ಲಿ ಇರಿಸಿಕೊಂಡರು, ಇದ್ದುದನ್ನು ಹಂಚಿಕೊಂಡರು.